ಕೋಳಿಗಳಿಗೆ ಹಾಸಿದ ಹಾಸಿಗೆ

ನನ್ನ ಅಕ್ಷರ ಕಾಗೆಕಾಲು ಗುಬ್ಬಿಕಾಲು. ಶಾಲೆಯನ್ನು ಅರ್ಧಕ್ಕೆ ಬಿಟ್ಟವಳಾದ್ದರಿಂದ ಬೇಕಾದ ಪದಗಳೂ ಬೇಕಾದಾಗ ಸಿಗುವುದಿಲ್ಲ. ತಪ್ಪಿದ್ದಲ್ಲಿ ಓದುವವರು ಮನ್ನಿಸಬೇಕು. ನಡೆದದ್ದನ್ನು ಮಾತ್ರ ಹೆಚ್ಚುಕಡಿಮೆ ಮಾಡದೆ ಬರೆದಿದ್ದೇನೆ. ಇದು ನನ್ನ ದೊಡ್ಡಮ್ಮನ ಕಥೆ, ನಾನಿರುವುದೂ ಅವಳ ಮನೆಯಲ್ಲೇ.

ದೊಡ್ಡಮ್ಮನದು ಹಾಸಿಗೆ ಹೊಲಿಯುವ ಕೆಲಸ. ಮನೆಯ ಮುಂದಿನ ಕೋಣೆಯೇ ಅಂಗಡಿ. ಜನ ತಂದುಕೊಟ್ಟ ಹಳೆ ಹಾಸಿಗೆಯನ್ನು ಬಿಚ್ಚಿ, ಗಂಟುಗಟ್ಟಿದ ಹತ್ತಿಯನ್ನು ಕೋಲಿನಿಂದ ಬಡಿದು ಹಗುರ ಮಾಡಿ, ಹೊಸ ಬಟ್ಟೆಗೆ ತುಂಬಿ, ಗೇಣುದ್ದದ ಸೂಜಿಯಲ್ಲಿ ಹೊಲಿಯುತ್ತಾಳೆ. ಹಿತ್ತಲಲ್ಲಿ ಆರು ಕೋಳಿಗಳಿವೆ. ತಲೆಯ ಮೇಲೆ ಪುಕ್ಕದ ಗೊಂಚಲಿರುವ ಜುಟ್ಟಿಯೆಂದರೆ ಅವಳಿಗೆ ಪ್ರಾಣ. ಅವಳು ಹೊಲಿಯುವ ಹೊತ್ತಿಗೆ ಅದು ಒಳಗೆ ನುಗ್ಗಿ, ಅರ್ಧ ತುಂಬಿದ ಹಾಸಿಗೆಯ ಮೇಲೆ ಮೆತ್ತಗಿದೆಯೋ ಇಲ್ಲವೋ ಎಂದು ನೋಡಲು ಬಂದ ಗಿರಾಕಿಯ ಹಾಗೆ ಕೂರುತ್ತಿತ್ತು.

ಚಳಿ ಶುರುವಾದಾಗ ಒಂದು ಕೋಳಿ ಸೀನಿತು. ಕೋಳಿಗೂ ಸೀನು ಬರುತ್ತದೆಂದು ದೊಡ್ಡಮ್ಮನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಕೆಲಸ ಬಿಟ್ಟು ಗೂಡಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಕಾದಳು. ಇನ್ನೊಂದೂ ತಲೆ ಕೊಡವಿ ಸೀನಿತು.

"ನೆಗಡಿ ಆಗಿದೆ ರೀ ಇವಕ್ಕೆ," ಅಂದಳು.

ದೊಡ್ಡಪ್ಪ ಬಸ್ಸು ಓಡಿಸುತ್ತಾನೆ. ಕೆಲಸಕ್ಕೆ ಹೊರಟವನು ಷೂ ಕಟ್ಟುತ್ತಲೇ, "ಹಾಗಾದ್ರೆ ಆರಕ್ಕೂ ಒಂದೊಂದು ಕರವಸ್ತ್ರ ಹೊಲಿದುಕೊಡು," ಅಂದ.

ದೊಡ್ಡಮ್ಮ ಅದಕ್ಕಿಂತ ದೊಡ್ಡದನ್ನೇ ಮಾಡಿದಳು. ಹಳೆ ಹಾಸಿಗೆಗಳಿಂದ ಉಳಿದ ಹತ್ತಿಯನ್ನು ಗೂಡಿನ ನೆಲಕ್ಕೆ ದಪ್ಪಗೆ ಹಾಸಿದಳು. ಮಾಡಿನ ಕೆಳಗಿದ್ದ ಕಿಂಡಿಗಳಿಗೆ ಹತ್ತಿ ತುರುಕಿ, ಮೇಲೆ ಮೊಳೆಯಿಂದ ಬಟ್ಟೆ ಹೊಡೆದಳು. ಸೀನು ಹೆಚ್ಚಾಯಿತು. ಗಾಳಿ ಇನ್ನೂ ಎಲ್ಲೋ ನುಸುಳುತ್ತಿದೆ ಎಂದುಕೊಂಡು ಬಾಗಿಲಿಗೂ ಒಂದು ಪರದೆ ಇಳಿಬಿಟ್ಟಳು. ಆಗ ಜುಟ್ಟಿಯ ಎದೆಯಲ್ಲಿ ಗೊರಗೊರ ಸದ್ದು ಶುರುವಾಯಿತು. ಒಂದು ಕಣ್ಣು ಊದಿ ನೊರೆ ಕಟ್ಟಿತು.

ದೊಡ್ಡಪ್ಪನ ತಮಾಷೆ ಅಲ್ಲಿಗೆ ನಿಂತಿತು. "ನೋಡೇ, ಪಕ್ಕದ ಮನೆಯವರೂ ಕೋಳಿ ಸಾಕಿದ್ದಾರೆ. ಹರಡೋ ರೋಗ ಆದ್ರೆ ಅವರದ್ದೂ ಹೋಗುತ್ತೆ. ಆರನ್ನೂ ಮುಗಿಸಿ ಹೂತುಬಿಡೋದೇ ಒಳ್ಳೇದು."

"ಕಾರಣ ಗೊತ್ತಾಗದೆ ಒಂದನ್ನೂ ಮುಟ್ಟೋಕೆ ಬಿಡಲ್ಲ."

"ನಿನ್ನ ಜುಟ್ಟಿ ಬಾಯಿ ಬಿಟ್ಟು ಹೇಳುತ್ತಾ ಕಾರಣಾನ?"

"ಬಾಯಿ ಬಿಟ್ಟೇ ಉಸಿರಾಡ್ತಿದೆಯಲ್ಲ. ಏನೋ ಹೇಳ್ತಿದೆ, ನನಗೆ ತಿಳೀತಿಲ್ಲ ಅಷ್ಟೆ. ನಾಳೆ ದನದಾಸ್ಪತ್ರೆ ಡಾಕ್ಟರಮ್ಮ ಬರ್ತಾರೆ. ಅಲ್ಲಿವರೆಗೆ ಸುಮ್ನಿರಿ."

ಮರುದಿನ ಹತ್ತಿ ಬಡಿಯುವಾಗ ಅವಳ ಮೂಗಿಗೆ ಕಟ್ಟಿದ ಬಟ್ಟೆ ಜಾರಿತು. ಒಂದರ ಹಿಂದೆ ಒಂದು ಸೀನು. ಬಟ್ಟೆಯನ್ನು ಮೇಲಕ್ಕೆಳೆಯಲು ಹೋದ ಕೈ ಹಾಗೇ ನಿಂತಿತು. ಈ ಧೂಳಿಗೆ ಹೆದರಿ ತಾನು ಮೂಗು ಕಟ್ಟಿಕೊಳ್ಳುತ್ತಾಳೆ. ಅದೇ ಹತ್ತಿಯ ಮೇಲೆ ಕೋಳಿಗಳು ರಾತ್ರಿಯಿಡೀ ಮಲಗುತ್ತವೆ.

ಕೋಲು ಎಸೆದು ಹಿತ್ತಲಿಗೆ ಓಡಿದಳು. ನಿಂತಾಗ ಗೂಡಿನಿಂದ ಅಂಥ ವಾಸನೆಯೇನೂ ಬರಲಿಲ್ಲ. ಮಂಡಿಯೂರಿ, ಪರದೆ ಸರಿಸಿ, ಕೋಳಿಯ ತಲೆಯಿರುವ ಎತ್ತರಕ್ಕೆ ತನ್ನ ತಲೆ ತೂರಿಸಿದಳು. ಘಾಟು ಮೂಗಿಗೆ ಅಡರಿ ಕಣ್ಣಲ್ಲಿ ನೀರು ಬಂತು. ಮೇಲೆ ಒಣಗಿದಂತಿದ್ದ ಹತ್ತಿ ಅಡಿಯಲ್ಲಿ ಹಿಕ್ಕೆಯೊಂದಿಗೆ ನೆನೆದು ಮುದ್ದೆಗಟ್ಟಿತ್ತು.

ಡಾಕ್ಟರಮ್ಮ ಬಂದಾಗ ದೊಡ್ಡಮ್ಮನ ಕಣ್ಣು ಇನ್ನೂ ಕೆಂಪಗಿತ್ತು.

"ಗಾಳಿಕಿಂಡಿ ಎಲ್ಲಿದೆಯಮ್ಮ?"

"ನಾನೇ ಮುಚ್ಚಿದೆ. ಹಾಸಿಗೆ ಹೊಲಿಯೋಳು ನೋಡಿ, ಸೂಜಿ ತೂರೋಷ್ಟೂ ಜಾಗ ಬಿಟ್ಟಿಲ್ಲ."

"ಚಳಿ ಅವು ತಡ್ಕೊಳ್ತವೆ. ಹೊದಿಕೆ ಹೊತ್ಕೊಂಡೇ ಹುಟ್ಟಿರ್ತವಲ್ಲ. ಈ ಘಾಟು, ಧೂಳು ತಡ್ಕೊಳಲ್ಲ. ಗಂಟಲು ಕೆಟ್ಟ ಮೇಲೆ ಸೋಂಕು ಸಲೀಸಾಗಿ ಸೇರ್ಕೊಳುತ್ತೆ. ಜುಟ್ಟಿಗೆ ಸೇರಿರೋ ಹಾಗಿದೆ."

"ಹಾಗಾದ್ರೆ ಎಲ್ಲವನ್ನೂ ಮುಗಿಸಿ ಹೂಳಬೇಕಾ?" ಅಂದಳು ದೊಡ್ಡಮ್ಮ.

"ಅದು ಈಗಲೇ ಹೇಳೋ ಮಾತಲ್ಲ. ಗಂಟಲಿನ ದ್ರವ ಪರೀಕ್ಷೆಗೆ ಕಳಿಸ್ತೀನಿ. ಪಕ್ಕದ ಮನೆಗೂ ವಿಷಯ ತಿಳಿಸಿ. ಜುಟ್ಟೀನ ಬೇರೆ ಇಡಿ. ನೀರು, ಕಾಳು ಮೊದಲು ಉಳಿದವಕ್ಕೆ, ಕೊನೆಗೆ ಇದಕ್ಕೆ. ಆಮೇಲೆ ಸೋಪು ಹಾಕಿ ಕೈ ತೊಳ್ಕೊಳಿ. ನಾನು ಹೇಳೋವರೆಗೆ ಮೊಟ್ಟೆ ತಿನ್ನಬೇಡಿ."

ಆ ಸಂಜೆ ದೊಡ್ಡಪ್ಪನೇ ಮೂಗಿಗೆ ಬಟ್ಟೆ ಕಟ್ಟಿಕೊಂಡು ಗೂಡು ಖಾಲಿ ಮಾಡಿದ. "ನನಗೂ ಇಷ್ಟು ದಪ್ಪ ಹಾಸಿಗೆ ಹೊಲಿದುಕೊಟ್ಟಿಲ್ಲವಲ್ಲೇ," ಅಂದ. ಕಿಂಡಿಗಳು ತೆರೆದವು. ನೆಲಕ್ಕೆ ಧೂಳಿಲ್ಲದ ಒಣ ಮರದ ಚೂರುಗಳು ಬಿದ್ದವು.

ಕೋಳಿಗಳನ್ನು ಕೊಲ್ಲಬೇಕಾದಂಥ ರೋಗ ಅದಲ್ಲವೆಂದು ಪರೀಕ್ಷೆಯಿಂದ ತಿಳಿಯಿತು. ಯಾವ ಕೋಳಿಯನ್ನೂ ಹೂಳಬೇಕಾಗಲಿಲ್ಲ. ಐದರ ಸೀನು ನಿಧಾನಕ್ಕೆ ನಿಂತಿತು. ಔಷಧದಿಂದ ಜುಟ್ಟಿಯ ಕಣ್ಣಿನ ಊತ ಇಳಿಯಿತು, ಆದರೆ ಎದೆಯ ಸದ್ದು ಪೂರ್ತಿ ಹೋಗಿಲ್ಲ. ಡಾಕ್ಟರಮ್ಮ ಇನ್ನೊಮ್ಮೆ ನೋಡುವವರೆಗೆ ಅದು ಮೆಟ್ಟಿಲಿನ ಕೆಳಗಿನ ತಂತಿಬಲೆಯ ಗೂಡಿನಲ್ಲೇ ಇರಬೇಕು. ವಾಸಿಯಾದರೂ ಹತ್ತಿಯ ಕೋಣೆಗೆ ಮಾತ್ರ ಅದನ್ನು ಬಿಡುವ ಹಾಗಿಲ್ಲ. ಕೋಲಿನ ಸದ್ದು ಕೇಳಿದರೆ ಅದು ಈಗಲೂ ಅಲ್ಲಿಂದಲೇ ಕೂಗುತ್ತದೆ. ದೊಡ್ಡಮ್ಮ ಈಚೆಗೆ ಸೂಜಿ ದಾರ ಹಿಡಿದು ಮೆಟ್ಟಿಲ ಹತ್ತಿರ ಬಂದು ಕೂತು ದಿಂಬಿನ ಚೀಲಗಳನ್ನಷ್ಟೇ ಹೊಲಿಯುತ್ತಾಳೆ. ಹತ್ತಿಯನ್ನು ಆಮೇಲೆ ಕೋಣೆಗೆ ಹೋಗಿ ತುಂಬುತ್ತಾಳೆ.

ಇವತ್ತು ಅವಳು ಒಂದು ಹಾಸಿಗೆ ಕೊಟ್ಟುಬರಲು ಹೋಗಿದ್ದಾಳೆ. ಬರೆದ ಈ ಹಾಳೆ ಮಡಿಸಿಟ್ಟು ನಾನು ಮೊದಲು ಐದು ಕೋಳಿಗಳಿಗೆ, ಕೊನೆಗೆ ಜುಟ್ಟಿಗೆ ನೀರಿಡುತ್ತೇನೆ. ಆಮೇಲೆ ಸೋಪು ಹಾಕಿ ಕೈ ತೊಳೆದುಕೊಳ್ಳುತ್ತೇನೆ.