ಜಾಹೀರಾತಿನಲ್ಲಿ ಚಿಕ್ಕಮ್ಮ ಬೈಯಲಿಲ್ಲ

ಈ ಸಲದ ತಾಯಂದಿರ ದಿನಕ್ಕೆ ಮಗಳು ನನ್ನ ಫೋನಿಗೊಂದು ಜಾಹೀರಾತು ಕಳಿಸಿದಳು. ನೈಜೀರಿಯಾ ದೇಶದ್ದು, ಯಾವುದೋ ಸಾರಿನ ಮಸಾಲೆಯದು. ಸಾಗರದ ಬಸ್‌ಸ್ಟ್ಯಾಂಡಿನಲ್ಲಿ ಹೊಸನಗರದ ಬಸ್ಸಿಗೆ ಕಾಯುತ್ತ ನೋಡಿದೆ. ತಲೆಗೆ ಹಳದಿ ಬಟ್ಟೆಯನ್ನು ಗೋಪುರದಂತೆ ಸುತ್ತಿಕೊಂಡ ದಪ್ಪನೆಯ ಹೆಂಗಸು. ಬೆಳೆದ ಮಗ ಆಸೆಯಿಂದ ಐಸ್‌ಕ್ರೀಮ್ ಡಬ್ಬಿ ತೆಗೆದರೆ ಒಳಗೆ ನಿನ್ನೆಯ ಸಾರು. ಅವಳು ಸೊಂಟದ ಮೇಲೆ ಕೈಯಿಟ್ಟು ಅವನನ್ನು ಜಾಲಾಡಿಸುತ್ತಾಳೆ. ಆಮೇಲೆ ಪಾತ್ರೆಯಲ್ಲಿದ್ದ ದೊಡ್ಡ ಮಾಂಸದ ತುಂಡನ್ನು ರುಚಿ ನೋಡುವ ನೆಪದಲ್ಲಿ ತಾನೇ ಬಾಯಿಗೆ ಹಾಕಿಕೊಳ್ಳುತ್ತಾಳೆ. ಮಾತು ಅವರ ಊರಿನದೇ. ಕೆಳಗೆ ಇಂಗ್ಲಿಷಿನಲ್ಲಿ ಅರ್ಥ ಬರುತ್ತಿತ್ತು. ಪಕ್ಕದವರು ತಿರುಗಿ ನೋಡುವಷ್ಟು ನಕ್ಕೆ. ನಗು ನಿಂತ ಮೇಲೆ ಉಳಿದದ್ದು ಒಂದೇ. ಸಿಟ್ಟು.

ಅವಳ ಮೇಲಿನ ಸಿಟ್ಟಲ್ಲ. ಯಾರ ಮೇಲೆ ಅಂತ ಹೇಳಬೇಕಾದರೆ ನಿಮಗೆ ನನ್ನ ಚಿಕ್ಕಮ್ಮನ ಪರಿಚಯವಾಗಬೇಕು. ತಾಯಿ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ಅವಳು. ನನಗೆ ಜ್ವರ ಬಂದರೆ ಮೊದಲು ಜ್ವರಕ್ಕೆ ಬೈಯುತ್ತಿದ್ದಳು, ಆಮೇಲೆ ನನಗೆ, ಕೊನೆಗೆ ಗಂಜಿ ಕೊಡುತ್ತಿದ್ದಳು. ಬಡಿಸುವ ಮೊದಲು ತಾನು ಗಟ್ಟಿಯಾಗಿ ಉಣ್ಣುತ್ತಿದ್ದಳು. ಯಾರಾದರೂ ಹುಬ್ಬೇರಿಸಿದರೆ, "ಹಸ್ದೋಳ್ ಕೈಲಿ ಬಡ್ಸಿದ್ರೆ ನಿಮ್ಗೆ ಅರ್ಧ ಸೌಟೇ ಬೀಳದು" ಅನ್ನುತ್ತಿದ್ದಳು.

ನಮ್ಮಲ್ಲಿ ಭೂಮಿ ಹುಣ್ಣಿಮೆಗೆ ಭೂಮಿತಾಯಿ ತುಂಬು ಬಸುರಿ. ಅವಳ ಬಯಕೆ ತೀರಿಸಲು ಹೆಂಗಸರು ಬುಟ್ಟಿಗೆ ಚಿತ್ತಾರ ಬರೆದು, ಸೊಪ್ಪು, ಕಡುಬು ಬೇಯಿಸಿ ತುಂಬುತ್ತಾರೆ. ಬೆಳಕು ಹರಿಯುವ ಮುಂಚೆ ಗಂಡಸರು ಅದನ್ನು ಹೊತ್ತು ಗದ್ದೆಗೆ ಹೋಗುತ್ತಾರೆ. ಚಿಕ್ಕಮ್ಮ ಒಲೆಯ ಮುಂದೆ ಕೂತು ಭೂಮಿಯ ಜೊತೆಗೂ ಜಗಳ ಆಡುತ್ತಿದ್ದಳು. "ಉಪ್ಪು ಜಾಸ್ತಿ ಅಂತ ಮುಖ ಊದಿಸ್ಬೇಡ ಮಾರಾಯ್ತಿ, ಬಸ್ರಿ ಅಂತ ಎಷ್ಟ್ ಸಲ ಸಹಿಸದು?"

ಈ ಮಾತಿನ ಸುದ್ದಿ ಕೇಳಿ ಒಂದು ಅಡುಗೆ ಎಣ್ಣೆಯ ಕಂಪನಿಯವರು ಆಚೆ ವರ್ಷದ ಹುಣ್ಣಿಮೆಗೆ ಬಂದರು. ನಾನು ಅಲ್ಲೇ ಇದ್ದೆ, ಕಂಡದ್ದನ್ನಷ್ಟೇ ಹೇಳುತ್ತೇನೆ. ಟೋಪಿಯ ನಿರ್ದೇಶಕ, "ಅಮ್ಮಾ, ಕಣ್ಣಲ್ಲಿ ಸ್ವಲ್ಪ ನೀರು ಬರ್ಲಿ" ಅಂದ.

"ಎಂತಕಾ? ಬಸ್ರಿ ಎದ್ರು ಕೂತ್ಕಂಡು ಯಾರಾರೂ ಅಳ್ತಾರನಾ? ನಿಂಗೆ ಬುದ್ಧಿ ಹೇಳೋರು ಮನೇಲಿ ಯಾರೂ ಇಲ್ವಾ?"

ಕ್ಯಾಮೆರಾದವನೂ ನಕ್ಕ. "ಸೂಪರ್ ಅಮ್ಮಾ, ಇದನ್ನೇ ಇಟ್ಕೋತೀವಿ" ಅಂದ ಟೋಪಿಯವನು. ನಡುಮಧ್ಯಾಹ್ನ ಬುಟ್ಟಿಯನ್ನು ಅವಳ ತಲೆಯ ಮೇಲಿಟ್ಟ. "ಅದು ಗಂಡಸ್ರು ಹೊರದು" ಅಂದಳು. "ನೋಡೋರಿಗೆ ಗೊತ್ತಾಗಲ್ಲ ಬಿಡಿ" ಅಂದ. ತನ್ನ ಬೈಗುಳವನ್ನಾದರೂ ಹಾಗೇ ಇಟ್ಟುಕೊಳ್ಳುತ್ತಾರಲ್ಲ ಎಂದು ಹೊತ್ತಳು.

ಹೋದ ವರ್ಷದ ತಾಯಂದಿರ ದಿನಕ್ಕೆ ಜಾಹೀರಾತು ಬಂತು. ತುಟಿ ಚಿಕ್ಕಮ್ಮನದು. ದನಿ ಪಟ್ಟಣದ ಯಾರೋ ಹುಡುಗಿಯದು, ಜೇನಿನಲ್ಲಿ ಅದ್ದಿದಂಥದ್ದು: "ನೀನು ಉಂಡರೆ ಸಾಕು ಕಂದಾ, ನನ್ನ ಹಸಿವು ತೀರಿತು." ಕಣ್ಣೀರೂ ಇತ್ತು, ಒಲೆ ಊದುವಾಗ ಹೊಗೆಗೆ ಬಂದದ್ದು. ನಾವೆಲ್ಲ ಅವಳ ಮುಖ ನೋಡಿದೆವು. "ಯಾರ್ದೇ ಅದು ದನಿ?" ಅಂದಳು, ಅಷ್ಟೇ.

ಅಲ್ಲಿಗೇ ಮುಗಿದಿದ್ದರೆ ನಾನು ಮರೆಯುತ್ತಿದ್ದೆ. ಸಾಗರದ ಬಟ್ಟೆ ಅಂಗಡಿಯಲ್ಲಿ ಹೆಂಗಸರು ಕೈ ಹಿಡಿದು, "ನಿಮ್ಮಂಥ ಶಾಂತ ತಾಯಿ ಸಿಗ್ಬೇಕು" ಅಂದರು. ತೀರ್ಥಹಳ್ಳಿಯ ಮದುವೆಯೊಂದರಲ್ಲಿ ಒಬ್ಬಳು ಫೋನ್ ಹಿಡಿದು, "ಆ ಡೈಲಾಗ್ ಹೇಳಿ ಅಜ್ಜಿ" ಅಂದಳು. ಚಿಕ್ಕಮ್ಮ ಹೇಳಿದಳು. ಜಾಹೀರಾತಿನ ಆ ಹುಡುಗಿಯ ದನಿಯಲ್ಲೇ, ಸಣ್ಣಗೆ. ಅಲ್ಲಿಂದಾಚೆ ಮನೆಗೆ ಯಾರು ಬಂದರೂ, "ನೀವು ಉಣ್ಣಿ, ನಂಗೆ ಆಮೇಲೆ" ಅನ್ನತೊಡಗಿದಳು. ಮುಂದಿನ ಭೂಮಿ ಹುಣ್ಣಿಮೆಗೆ ಒಲೆಯ ಮುಂದೆ ಮಾತೇ ಇಲ್ಲ. ಬಸುರಿ ಭೂಮಿ ಬೈಸಿಕೊಳ್ಳದೆ ಉಂಡಳು.

ಇದನ್ನು ಗೌರವ ಅಂತ ಕರೆಯುತ್ತಾರೆ! ತಾಯಿಯನ್ನು ಮೆರೆಸಲು ಮೊದಲು ಅವಳನ್ನು ಉಪವಾಸ ಕೆಡವಬೇಕೇ? ನಾಲಗೆ ಕಿತ್ತು ಹಾರ ಹಾಕಬೇಕೇ? ಕಡಲಾಚೆಯ ಒಬ್ಬಳು ಮಗನಿಗೆ ಬೈಯುತ್ತ, ಬಾಯಿತುಂಬ ತಿನ್ನುತ್ತ ಮಸಾಲೆ ಮಾರುತ್ತಾಳೆ, ಅವಳ ದೇಶ ನಗುತ್ತದೆ. ನಮ್ಮ ಎಣ್ಣೆಗೆ ಮಾತ್ರ ಕಣ್ಣೀರೇ ಬೇಕಾಯಿತು.

ಮಧ್ಯಾಹ್ನ ಮನೆ ಮುಟ್ಟಿದವಳೇ ಚಿಕ್ಕಮ್ಮನಿಗೆ ಫೋನ್ ತೋರಿಸಿದೆ. ಭಾಷೆ ತಿಳಿಯದು. ಒಮ್ಮೆ ಪೂರ್ತಿ ನೋಡಿದಳು. "ಇನ್ನೊಂದ್ಸಲ ಹಾಕು, ದೊಡ್ಡಕ್ಕೆ" ಅಂದಳು. ಆ ಹೆಂಗಸು ತುಂಡು ಬಾಯಿಗಿಟ್ಟಾಗ ಕೇಳಿದಳು, "ಇದು ಇವ್ಳದೇ ದನಿಯನೆ?"

"ಹೂಂ, ಅವಳದೇ."

ಮೂರನೆಯ ಸಲ ಆ ಮಗ ಡಬ್ಬಿ ತೆರೆದಿಟ್ಟು ನಿಂತಿದ್ದು ಅವಳ ಕಣ್ಣಿಗೆ ಬಿತ್ತು. "ಏ ದಡಿಯಾ! ಮುಚ್ಚಳ ಹಾಕಾ! ಸಾರು ಹಳಸಿದ್ರೆ ನಿಮ್ಮಪ್ಪ ಬಂದ್ ಉಣ್ತಾನನಾ?" ಆಮೇಲೆ ನನ್ನ ಕಡೆ ತಿರುಗಿ, "ನೀ ಎಂತ ಹಲ್ಲು ಕಿಸಿತೀಯೇ? ಬಿಸ್ಲಲ್ಲಿ ಬಂದೋಳು ಕಾಲು ತೊಳ್ಯದು ಬಿಟ್ಟು, ಫೋನಂತೆ ಫೋನು! ಏಳು!"

ಎದ್ದೆ. ಬಚ್ಚಲಿನಲ್ಲಿ ಕಾಲಿಗೆ ನೀರು ಹಾಕಿಕೊಳ್ಳುವಾಗಲೂ ಒಳಗಿನಿಂದ ಆ ನೈಜೀರಿಯಾದ ಮಗನಿಗೆ ಬೈಗುಳ ಕೇಳುತ್ತಲೇ ಇತ್ತು. ವಾಪಸು ಬಂದಾಗ ಎರಡು ತಟ್ಟೆ ಹಾಕಿತ್ತು. ನನ್ನದರಲ್ಲಿ ಮೀನಿನ ಬಾಲದ ತುಂಡು. ನಡುವಿನ ದಪ್ಪ ತುಂಡನ್ನು ಅವಳು ಆಗಲೇ ಅರ್ಧ ಮುಗಿಸಿದ್ದಳು.