ಮುದ್ದೆಯೊಳಗಿನ ಅರ್ಧ ಮಾತ್ರೆ

ಸತ್ತವರು ಬಂದು ಉಣ್ಣುತ್ತಾರೆ ಎಂಬುದನ್ನು ನಾನು ನಂಬಿದವಳಲ್ಲ. ಕೋಲಾರದ ಕಾನ್ವೆಂಟಿನಲ್ಲಿ ಓದಿದವಳು. ಮದುವೆಯಾಗಿ ಯಲ್ದೂರಿಗೆ ಬಂದ ಹೊಸತರಲ್ಲಿ, ಪಿತೃಪಕ್ಷದ ದಿನ ಎಡೆಯಿಟ್ಟು, ಹಿರಿಯರು ನೆಮ್ಮದಿಯಾಗಿ ಉಣ್ಣಲೆಂದು ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕೂತದ್ದನ್ನು ಕಂಡು ಸೆರಗಿನ ಮರೆಯಲ್ಲಿ ನಕ್ಕಿದ್ದೆ. ಈಗ ನಗುವುದಿಲ್ಲ. ಹಾಗಾದರೆ ನಂಬುತ್ತೀಯಾ ಎಂದು ನೀವು ಕೇಳಿದರೆ, ಆ ದಿನ ನಡೆದದ್ದನ್ನು ಹೇಳುತ್ತೇನೆ, ಅಷ್ಟೇ.

ನನ್ನ ಮೈದುನ ನಾಗೇಶನಿಗೆ ಚಿಕ್ಕಂದಿನಿಂದ ಫಿಟ್ಸ್. ಮಾತ್ರೆ ತಪ್ಪಿದರೆ ಬೀಳುತ್ತಾನೆ. ಒಮ್ಮೆ ಒಲೆಯ ಪಕ್ಕದಲ್ಲೇ ಬಿದ್ದು ಮೊಣಕೈ ಸುಟ್ಟುಕೊಂಡಿದ್ದ. ಬೀಳುವ ಮುಂಚೆ ಅವನ ಎಡಗೈ ಹೆಬ್ಬೆರಳು ತಾನಾಗಿ ಮುಷ್ಟಿಯೊಳಗೆ ಮಡಚಿಕೊಳ್ಳುತ್ತದೆ. ಆದರೆ ಬರೀ ಮಾತ್ರೆ ಅವನ ಗಂಟಲಲ್ಲಿ ಇಳಿಯದು, ಉಗಿದುಬಿಡುತ್ತಾನೆ. ನಮ್ಮ ಕಡೆ ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ. ಅತ್ತೆ ಅದನ್ನೇ ಉಪಾಯ ಮಾಡಿಕೊಂಡಿದ್ದರು. ಬಿಳಿಯ ಡಯಜೆಪಾಮ್ ಮಾತ್ರೆಯನ್ನು ಉಗುರಿನಲ್ಲಿ ಟಕ್ ಎಂದು ಮುರಿದು, ಅರ್ಧವನ್ನು ಮುದ್ದೆಗೆ ಹೆಬ್ಬೆರಳಿನಿಂದ ಒತ್ತಿ, "ಮಿಂಗು ನಾಯನಾ" ಎಂದು ತೆಲುಗಿನಲ್ಲಿ ಮುದ್ದು ಮಾಡಿ ನುಂಗಿಸುತ್ತಿದ್ದರು. ಪಾರ್ಶ್ವವಾಯು ಹೊಡೆದು ಕಾಲು ಸೆಟೆದ ಮೇಲೆ ಡಾಕ್ಟರು ಅವರಿಗೂ ಅದೇ ಮಾತ್ರೆ ಬರೆದರು. "ಅರ್ಧ ಮಗಂಗೆ, ಅರ್ಧ ನಂಗೆ. ಆಸ್ತಿ ಪಾಲಾಯ್ತು ಕಣಮ್ಮ" ಎಂದು ನಗುತ್ತಿದ್ದರು.

ಅತ್ತೆ ಹೋದ ಮೇಲೆ ನಾಗೇಶನಿಗೆ ಮಾತ್ರೆ ಬದಲಾಯಿತು. ಹೊಸದು ಗುಲಾಬಿ ಬಣ್ಣದ್ದು, ಉದ್ದನೆಯದು. ಮಿಕ್ಕಿದ್ದ ಬಿಳಿ ಮಾತ್ರೆಗಳನ್ನೆಲ್ಲ ನಾನೇ ಹೊರಗೆ ಹಾಕಿದ್ದೆ.

ಆ ವರ್ಷ ಎಡೆಯ ದಿನ ಬೆಳಿಗ್ಗೆ ಡಬ್ಬಿ ತೆಗೆದರೆ ಒಂದು ಮಾತ್ರೆಯೂ ಇಲ್ಲ. ಊರಿನ ಔಷಧಿ ಅಂಗಡಿ ಮುಚ್ಚಿತ್ತು. ನಮ್ಮ ಯಜಮಾನರು ಬೈಕ್ ಹತ್ತಿ ಶ್ರೀನಿವಾಸಪುರಕ್ಕೆ ಹೋದರು. ಮಧ್ಯಾಹ್ನವಾದರೂ ಬರಲಿಲ್ಲ, ಫೋನೂ ಸಿಗಲಿಲ್ಲ. ನಾಗೇಶನ ಹೆಬ್ಬೆರಳು ಆಗಲೇ ಒಳಕ್ಕೆ ಮಡಚಿಕೊಳ್ಳುತ್ತಿತ್ತು.

"ಎಡೆ ಇಟ್ಬಿಡಿ ಅತ್ತಿಗೆ. ಲೇಟಾದ್ರೆ ಅಮ್ಮ ನಿಮ್ಮ ಮೇಲೇ ರೇಗ್ತಾಳೆ" ಎಂದು ಅವನೇ ನನ್ನನ್ನು ನಗಿಸಲು ನೋಡಿದ.

ನಾನೇ ತಿರುವಿ, ಕೈ ಒದ್ದೆ ಮಾಡಿಕೊಂಡು ನುಣ್ಣಗೆ ಕಟ್ಟಿದ ಮುದ್ದೆ. ಅದನ್ನೂ ಮಸ್ಸೊಪ್ಪನ್ನೂ ಅತ್ತೆಯ ಫೋಟೋ ಮುಂದೆ ಬಾಳೆಲೆಯಲ್ಲಿಟ್ಟು ಬಾಗಿಲು ಎಳೆದುಕೊಂಡೆ. ಆ ಕೋಣೆಗೆ ಇರುವುದು ಅದೊಂದೇ ಬಾಗಿಲು. ಅದಕ್ಕೇ ಒರಗಿ ನಾನು ಕೂತೆ, ಎದುರಿಗೆ ನಾಗೇಶ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಒಳಗೆ ಟಕ್ ಎಂದಿತು. ಹಲ್ಲಿಯಿರಬೇಕು ಅಂದುಕೊಂಡೆ. ನಾಗೇಶ ಮಾತ್ರ ತಲೆಯೆತ್ತಿ ಬಾಗಿಲನ್ನೇ ನೋಡಿದ.

ಬಾಗಿಲು ತೆಗೆದಾಗ ಎಲ್ಲವೂ ಇಟ್ಟ ಹಾಗೇ ಇತ್ತು. ಮುದ್ದೆಯ ನೆತ್ತಿಯ ಮೇಲೆ ಮಾತ್ರ ಹೆಬ್ಬೆರಳಿನಗಲ ಒಂದು ಗುಳಿ. ಆರಿದಾಗ ಕುಸಿದಿರಬೇಕು ಎಂದು ಎಡೆಯ ಪ್ರಸಾದವನ್ನು ನಾಗೇಶನ ಮುಂದಿಟ್ಟೆ. ಗುಳಿಯಿದ್ದ ಕಡೆಯೇ ಅವನು ಮುರಿದ. ಒಳಗೆ ಬಿಳಿಯ ಅರ್ಧ ಮಾತ್ರೆ. ಮುರಿದ ಅಂಚು ಒರಟಾಗಿ, ಒಣಗಿದ ಹಾಗೇ ಇತ್ತು.

"ಬೇಡ ಕಣೋ, ಅದೇನೋ ಏನೋ, ತಿನ್ಬೇಡ" ಅಂದೆ.

"ಅಮ್ಮ ಇಟ್ಟವ್ಳೆ" ಎಂದ, ನಾನು ಕೈ ಹಿಡಿಯುವಷ್ಟರಲ್ಲಿ ನುಂಗಿಯೇಬಿಟ್ಟ.

ಅವನ ಮುಷ್ಟಿಯನ್ನೇ ನೋಡುತ್ತಾ ಕೂತೆ. ಹೆಬ್ಬೆರಳು ಮೆಲ್ಲಗೆ ಬಿಚ್ಚಿಕೊಂಡಿತು. ಅವನು ಗೋಡೆಗೆ ಒರಗಿ ಮಗುವಿನ ಹಾಗೆ ನಿದ್ದೆ ಹೋದ.

ಸಂಜೆ ಹೊಸ ಮಾತ್ರೆಯೊಂದಿಗೆ ಬಂದ ಯಜಮಾನರು ನನ್ನ ಮಾತು ಕೇಳಿ, "ಹಳೇದ್ಯಾವ್ದೋ ಹಿಟ್ಟಲ್ಲಿ ಬಿದ್ದಿರ್ಬೇಕು ಬಿಡೇ" ಅಂದರು. ಇರಬಹುದು. ಆದರೆ ಕುದಿಯುವ ಎಸರಿನಲ್ಲಿ ಬೆಂದು, ಮುದ್ದೆ ತಿರುವುವ ಕೋಲಿನ ಏಟು ತಿಂದ ಮಾತ್ರೆ ಒಣಗಿದ್ದ ಹಾಗೇ ಇರುತ್ತದೆಯೇ?

ಅವತ್ತೇ ಆ ಕೋಣೆಯಲ್ಲಿ ಚಾಪೆ ಕೊಡವಿದೆ, ಎಲೆ ಎತ್ತಿದೆ, ಫೋಟೋದ ಹಿಂದೆಯೂ ಕೈಯಾಡಿಸಿದೆ. ಅತ್ತೆಯ ಪಾಲಿನ ಇನ್ನರ್ಧ ಎಲ್ಲಿಯೂ ಸಿಗಲಿಲ್ಲ.