ಮಗಳ ಬದಲು ನಾನು ಕೊಟ್ಟ ಉತ್ತರಗಳು

ಮಗಳಿಗೆ ಹದಿನೆಂಟು ತುಂಬಿದ ದಿನ ಮನೆಯಲ್ಲಿ ಎಲ್ಲರೂ ಪೇಢೆ ತಿಂದರು. ನಾನೊಬ್ಬಳು ನನ್ನ ಪೇಢೆಯನ್ನು ಡಬ್ಬಿಗೇ ಮರಳಿ ಹಾಕಿದೆ. ಹುಟ್ಟಿನಿಂದಲೇ ಅವಳಿಗೆ ಥಲಸ್ಸೇಮಿಯಾ. ಬೇಕಾದಷ್ಟು ರಕ್ತ ಮೈಯಲ್ಲೇ ಆಗುವುದಿಲ್ಲ, ಮೂರು ವಾರಕ್ಕೊಮ್ಮೆ ಏರಿಸಬೇಕು. ಬಂಗೂರನಗರದಿಂದ ಬೆಳಗಿನ ಬಸ್ಸು ಹಿಡಿದು ಹಳಿಯಾಳ, ಧಾರವಾಡ ದಾಟಿ ಹುಬ್ಬಳ್ಳಿಯ ಆಸ್ಪತ್ರೆಗೆ ಹೋಗುವುದು ನಮಗೆ ಸಂತೆಗೆ ಹೋದಷ್ಟೇ ರೂಢಿ. ಅಲ್ಲಿಯ ಮಕ್ಕಳ ವಾರ್ಡಿನ ಗೋಡೆಗೆ ಆನೆ, ಜಿರಾಫೆ ಬರೆದಿದ್ದರು. ಮಗಳ ಕಾಲು ಮಂಚದಿಂದ ಹೊರಚಾಚುವಷ್ಟು ಉದ್ದವಾದರೂ ನನ್ನ ಕಣ್ಣಿಗೆ ಅವಳು ಕೂಸೇ.

ಮಕ್ಕಳ ಡಾಕ್ಟರು ಒಳ್ಳೆಯವರು. ಆದರೆ ಅವಳಿಗೆ ಹದಿನಾಲ್ಕಾದಾಗಿನಿಂದ ನನ್ನ ಬೆನ್ನು ಬಿದ್ದಿದ್ದರು. "ನೀವು ಸ್ವಲ್ಪ ಹೊರಗ ಕುಂದರ್ರಿ ಅಕ್ಕಾರ. ತನ್ನದು ತಾನ ಹೇಳೂದು ಆಕಿ ಕಲೀಲಿ." ನನಗೆ ಮೈಯೆಲ್ಲ ಉರಿಯುತ್ತಿತ್ತು. ಹೆತ್ತವಳು ಹೊರಗೆ ಕೂರಬೇಕೆ? ಹೋದಂತೆ ಮಾಡಿ ಬಾಗಿಲ ಸಂದಿಯಿಂದಲೇ ಕೂಗುತ್ತಿದ್ದೆ: "ಗುಳಿಗಿ ತಪ್ಪಿಸಿಲ್ರಿ. ಊಟ ಸರಿ ಐತ್ರಿ." ಮಗಳು ಬಾಯಿ ತೆರೆಯುವಷ್ಟರಲ್ಲಿ ನನ್ನ ಮಾತು ಮುಗಿದಿರುತ್ತಿತ್ತು. ಡಾಕ್ಟರು ನಕ್ಕು ಸುಮ್ಮನಾಗುತ್ತಿದ್ದರು. ಗೆದ್ದೆ ಅಂದುಕೊಳ್ಳುತ್ತಿದ್ದೆ, ಹುಚ್ಚಿ ನಾನು.

ಒಂದು ಸಂಗತಿಯನ್ನಂತೂ ಅವಳಿಗೆ ಹೇಳಿಯೇ ಇರಲಿಲ್ಲ. ನಾಲ್ಕು ವರ್ಷದವಳಿದ್ದಾಗ ರಕ್ತ ಏರಿಸುತ್ತಿದ್ದಂತೆ ಚಳಿ ಹತ್ತಿ, ತುಟಿ ಊದಿ, ಉಸಿರು ಸಿಕ್ಕಿಕೊಂಡಿತ್ತು. ಆಮೇಲೆ ಪ್ರತಿ ಸಲವೂ ರಕ್ತಕ್ಕೆ ಮೊದಲು ಒಂದು ಇಂಜೆಕ್ಷನ್ ಕೊಡುತ್ತಿದ್ದರು, ಮತ್ತೆ ಹಾಗಾಗಲಿಲ್ಲ. ಹೆದರಿಯಾಳೆಂದು ನಾನು ಅದನ್ನು ಮುಚ್ಚಿಟ್ಟೆ, ಇಂಜೆಕ್ಷನ್ ಬರೀ ಶಕ್ತಿಗೆ ಅಂದಿದ್ದೆ.

ಹದಿನೆಂಟಾಯಿತು, ಇನ್ನು ದೊಡ್ಡವರ ವಾರ್ಡಿಗೆ ಹೋಗಬೇಕೆಂದು ಡಾಕ್ಟರು ಎಲ್ಲ ವಿವರ ಬರೆದ ಕಾಗದವನ್ನು ಮಗಳ ಕೈಗೇ ಕೊಟ್ಟರು. ನಾನು ಅದನ್ನು ಇಸಿದುಕೊಂಡು ಚೀಲಕ್ಕೆ ಹಾಕಿದೆ. ಮುಂದಿನ ಸಲ ಅವಳನ್ನು ಹೊಸ ವಾರ್ಡಿನಲ್ಲಿ ಕೂರಿಸಿ, "ಇಲ್ಲೇ ಇರು, ಬಂದೆ" ಎಂದು ಕೆಳಗೆ ಮಕ್ಕಳ ವಾರ್ಡಿಗೆ ಓಡಿದೆ. ಇನ್ನೊಂದು ವರ್ಷ ಇಲ್ಲೇ ಇಟ್ಟುಕೊಳ್ಳಿ ಎಂದು ಡಾಕ್ಟರ ಮುಂದೆ ಗೋಗರೆದೆ, ಆಮೇಲೆ ಜಗಳಕ್ಕೇ ನಿಂತೆ. ಚೀಲ ನನ್ನ ಹೆಗಲಲ್ಲೇ ಇತ್ತು.

ಮೇಲೆ ನರ್ಸು ಕಾಗದ ಕೇಳಿದ್ದಾಳೆ. "ಅವ್ವನ ಕಡೆ ಐತ್ರಿ, ಈಗ ಬರ್ತಾಳ" ಎಂದಿದ್ದಾಳೆ ಮಗಳು. ತಂದ ರಕ್ತವನ್ನು ಬಹಳ ಹೊತ್ತು ಹೊರಗಿಡುವಂತಿಲ್ಲ. ಕಾದು ಕಾದು ನರ್ಸು ಮತ್ತೆ ಕೇಳಿದ್ದಾಳೆ. "ಹಿಂದ ರಕ್ತ ಹಚ್ಚಿದಾಗ ಏನರ ತ್ರಾಸ ಆಗಿತ್ತೇನವಾ?"

"ಇಲ್ರಿ." ಮಗಳಿಗೆ ಗೊತ್ತಿದ್ದದ್ದೇ ಅಷ್ಟು. ನರ್ಸು ಇಂಜೆಕ್ಷನ್ ಕೊಡದೆಯೇ ರಕ್ತ ಹಚ್ಚಿದ್ದಾಳೆ.

ನಾನು ಮರಳಿದಾಗ ಮಂಚದ ಸುತ್ತ ಪರದೆ ಎಳೆದಿದ್ದರು. ಒಳಗಿನಿಂದ ಅವಳ ಹಲ್ಲು ಕಟಕಟ ಅನ್ನುವುದು ಕೇಳುತ್ತಿತ್ತು. ರಕ್ತ ನಿಲ್ಲಿಸಿ, ಮುಖಕ್ಕೆ ಆಕ್ಸಿಜನ್ ಹಾಕಿದ್ದರು. ಚೀಲದಿಂದ ಕಾಗದ ತೆಗೆದು ಕೊಟ್ಟೆ. ಒಂದು ತಾಸು ಅಲ್ಲೇ ನಿಂತಿದ್ದೆ. ನನ್ನ ಮೇಲೆ ನನಗೇ ಅಷ್ಟು ಹೇಸಿಗೆ ಎಂದೂ ಬಂದಿರಲಿಲ್ಲ.

ಚಳಿ ಇಳಿದ ಮೇಲೆ ಹೊಸ ಡಾಕ್ಟರು ಕಾಗದ ಹಿಡಿದು ಬಂದರು. "ಇಷ್ಟು ದೊಡ್ಡ ವಿಷಯ ಐತಿ, ಆಕಿಗೆ ಯಾಕ ಹೇಳಿಲ್ರಿ?" ಎಂದು ನನ್ನನ್ನೇ ನೋಡಿದರು.

ಮಗಳು ಮುಖದ ಮೇಲಿನ ಮಾಸ್ಕ್ ಸರಿಸಿದಳು. "ಅವ್ವ ಹೇಳಿದ್ಲರಿ. ನಾನ ಮರತೆ."

ನಾನು ನಡುವೆ ಬಾಯಿ ಹಾಕದೆ ಅವಳು ಡಾಕ್ಟರಿಗೆ ಕೊಟ್ಟ ಮೊದಲ ಉತ್ತರ ಅದು. ಅದೂ ಸುಳ್ಳು, ನನ್ನ ಮಾನ ಉಳಿಸಲು.